ಸೇನಾ ನೆಲೆಯ ಮಕ್ಕಳ ಕೇಂದ್ರದಲ್ಲಿ ಬೇಸಿಗೆ ಕೆಲಸ: ಮಗಳನ್ನು ಕಳಿಸಬಹುದಾ?

ಮಗಳಿಗೆ 18 ತುಂಬಿದೆ, ಹೈಸ್ಕೂಲ್ ಮುಗಿದಿದೆ, ಅಮೆರಿಕದ ಸೇನಾ ನೆಲೆಯೊಳಗೆ ಸೈನಿಕರ ಮಕ್ಕಳನ್ನು ನೋಡಿಕೊಳ್ಳುವ ಬೇಸಿಗೆ ಕೆಲಸ ಕೇಳುತ್ತಿದ್ದಾಳೆ, ಕಳಿಸಬಹುದಾ ಅಂತ ಬರೆದಿದ್ದೀರಿ. ಖಂಡಿತ ಕಳಿಸಿ. ಕಾಲೇಜಿನಲ್ಲಿದ್ದಾಗ ಟೆಕ್ಸಸ್‌ನ ಒಂದು ನೆಲೆಯಲ್ಲಿ ಎರಡು ಬೇಸಿಗೆ ನಾನೂ ಇದೇ ಕೆಲಸ ಮಾಡಿದ್ದೇನೆ.

ಅರ್ಜಿ ಮಾತ್ರ ಈಗಲೇ ಹಾಕಲಿ. ಈ ಹುದ್ದೆಗಳು ಅಮೆರಿಕ ಸರ್ಕಾರದ ಉದ್ಯೋಗ ತಾಣವಾದ ಯುಎಸ್‌ಎ ಜಾಬ್ಸ್ ಸೈಟ್‌ನಲ್ಲಿ ಬರುತ್ತವೆ. ಆಯ್ಕೆಯಾದ ಮೇಲೆ ಬೆರಳಚ್ಚು, ಎಫ್‌ಬಿಐ ತಪಾಸಣೆ, ಲಸಿಕೆಯ ದಾಖಲೆ ಎಲ್ಲಾ ಇರುತ್ತದೆ. ನನಗೆ ವಾರಗಟ್ಟಲೆ ಹಿಡಿಯಿತು. ತಪಾಸಣೆ ಪೂರ್ತಿ ಮುಗಿಯುವ ತನಕ ಹಳೆಯ ಸಿಬ್ಬಂದಿಯೊಬ್ಬರ ಕಣ್ಣೆದುರಲ್ಲೇ ಇರಬೇಕು. ಇದನ್ನು ಅವಮಾನ ಅಂದುಕೊಳ್ಳಬಾರದು. 1980ರ ದಶಕದಲ್ಲಿ ಇಂಥ ಕೆಲವು ಕೇಂದ್ರಗಳಲ್ಲೇ ಮಕ್ಕಳ ಮೇಲೆ ದೌರ್ಜನ್ಯ ನಡೆದ ಆರೋಪ ಬಂದಿತ್ತು. 1989ರಲ್ಲಿ ಇದಕ್ಕಾಗಿಯೇ ಕಾನೂನು ಬಂತು. ವರ್ಷಕ್ಕೆ ಕನಿಷ್ಠ 4 ಸಲ ಹೇಳದೆ ಕೇಳದೆ ಬಂದು ಪರಿಶೀಲಿಸಬೇಕು ಅನ್ನುವ ನಿಯಮ ಆಗ ಬಂದದ್ದು. ನನಗಂತೂ ಅದು ಸರಿ ಅನಿಸುತ್ತದೆ.

ಆಟ ಆಡಿಸುವುದೇ ಕೆಲಸ ಅಂದುಕೊಂಡು ಹೋಗಿದ್ದೆ. ನಿಜವಾದ ಕೆಲಸ ಎಣಿಸುವುದು. ಕೂಸುಗಳಾದರೆ ನಾಲ್ಕಕ್ಕೆ ಒಬ್ಬರು, ದೊಡ್ಡ ಮಕ್ಕಳಾದರೆ ಒಬ್ಬರ ಪಾಲಿಗೆ ಹತ್ತಕ್ಕಿಂತ ಜಾಸ್ತಿ ಬರಬಹುದು. ಮೊದಲ ವಾರ ಅಂಗಳದಿಂದ ಒಳಗೆ ಕರೆತಂದಾಗ ಒಬ್ಬ ಕಡಿಮೆ. ಜಾರುಬಂಡೆಯ ಹಿಂದೆ ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ. ಅರ್ಧ ನಿಮಿಷವೂ ಆಗಿರಲಿಲ್ಲ, ನನ್ನ ಕೈಕಾಲು ನಡುಗಿತ್ತು. ಅವತ್ತಿನಿಂದ ಸುಮ್ನೆ ತಲೆ ಎಣಿಸುವುದು ಬಿಟ್ಟೆ. ಪಟ್ಟಿ ಹಿಡಿದು ಒಂದೊಂದು ಹೆಸರಿಗೆ ಒಂದೊಂದು ಮುಖ ನೋಡುತ್ತಿದ್ದೆ. ಸಂಜೆ 5ಕ್ಕೆ ಧ್ವಜ ಇಳಿಸುವ ಕಹಳೆ ಕೇಳಿದರೆ ಹೊರಗಿರುವವರೆಲ್ಲ ನಿಂತಲ್ಲೇ ನಿಲ್ಲುತ್ತಾರೆ. ಅಷ್ಟು ಹೊತ್ತು ಕಿರುಚಾಡುತ್ತಿದ್ದ ಮಕ್ಕಳೂ ಎದೆ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದರು. ನೋಡಿದರೆ ಮನಸ್ಸು ತುಂಬಿ ಬರುತ್ತಿತ್ತು.

ಇನ್ನೊಂದು ವಿಷಯ, ಯೂನಿಫಾರ್ಮ್ ನೋಡಿ ಮಗುವನ್ನು ಒಪ್ಪಿಸುವಂತಿಲ್ಲ. ಪಟ್ಟಿಯಲ್ಲಿ ಹೆಸರಿರಬೇಕು, ಗುರುತಿನ ಚೀಟಿ ನೋಡಬೇಕು. ಯಾವ ಮಗುವಿನ ಜೊತೆಗೂ ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಇರಬಾರದು.

ಕಷ್ಟದ್ದು ಬೇರೆ ಇದೆ. ಅಪ್ಪನನ್ನೋ ಅಮ್ಮನನ್ನೋ ದೂರದ ದೇಶಕ್ಕೆ ಕಳಿಸಿಕೊಟ್ಟ ಮಕ್ಕಳು ಅಲ್ಲಿರುತ್ತಾರೆ. ಏಳು ವರ್ಷದ ಒಬ್ಬ ಹುಡುಗ ದಿನವಿಡೀ ನನ್ನ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. "ಅಪ್ಪ ಬೇಗ ಬರ್ತಾರೆ ಕಣೋ" ಅಂದುಬಿಟ್ಟೆ. ಮಾರನೇ ದಿನ ಬಂದು, "ಇವತ್ತಾ?" ಅಂತ ಕೇಳಿದ. ನಮ್ಮ ಕೈಯಲ್ಲಿಲ್ಲದ ಮಾತು ಕೊಡಬಾರದು ಅಂತ ಮಗಳಿಗೆ ಮೊದಲೇ ಹೇಳಿ. ಆ ಮಕ್ಕಳಿಗೆ ಬೇಕಾದದ್ದು ದಿನಾ ಅದೇ ಮುಖ. ಹಾಗಾಗಿ ಬೇಸಿಗೆ ಪೂರ್ತಿ ಇರಲು ಆಗುವುದಾದರೆ ಮಾತ್ರ ಸೇರಲಿ.

ಅಂದಹಾಗೆ ಹುದ್ದೆ 'ಫ್ಲೆಕ್ಸ್' ಅಂತ ಇದ್ದರೆ ವಾರಕ್ಕೆ ಇಷ್ಟು ಗಂಟೆ ಅನ್ನುವ ಖಾತ್ರಿ ಇರುವುದಿಲ್ಲ. ಸಂದರ್ಶನದಲ್ಲೇ ಕೇಳಿಕೊಳ್ಳಲಿ.