ಜೀವಶಾಸ್ತ್ರಕ್ಕೊಬ್ಬ ಮೇಷ್ಟ್ರು ಬೇಕೆಂದು ಬಂದವರು

ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳು ಕೈಸೇರಿದ ಮೇಲೆ ಚಿಕ್ಕಬಳ್ಳಾಪುರದ ನನ್ನ ಕೊಠಡಿಗೆ ಬರುವ ಪೋಷಕರಲ್ಲಿ ಹಲವರಿಗೆ ಬೇಕಾಗಿರುವುದು ಆಪ್ತಸಲಹೆಗಿಂತ ಹೆಚ್ಚಾಗಿ ಒಬ್ಬ ಮೇಷ್ಟ್ರ ಫೋನ್ ನಂಬರು. ಗಣಿತಕ್ಕೂ ಭೌತಶಾಸ್ತ್ರಕ್ಕೂ ಟ್ಯೂಷನ್ ಹೇಳುವವರು ತಾಲ್ಲೂಕು ಕೇಂದ್ರಗಳಲ್ಲಿ ಹೇಗೋ ಸಿಗುತ್ತಾರೆ. ಜೀವಶಾಸ್ತ್ರವನ್ನು ಮಾತ್ರ ಓದಿ ಬಾಯಿಪಾಠ ಮಾಡಿದರೆ ಆಯಿತು ಎಂದು ಎಲ್ಲರೂ ನಂಬಿರುವುದರಿಂದ ಮೊದಲ ವರ್ಷ ಅದಕ್ಕೆ ಯಾರನ್ನೂ ಹುಡುಕುವುದಿಲ್ಲ. ದ್ವಿತೀಯ ಪಿಯುಸಿಯ ನಡುವಿನಲ್ಲಿ ಅಂಕ ಕುಸಿದಾಗ ಆತುರದಿಂದ ಹುಡುಕುತ್ತಾರೆ, ಆತುರದಲ್ಲಿ ಸಿಕ್ಕವರನ್ನು ಹಿಡಿಯುತ್ತಾರೆ. ಇದು ನಾನು ಮತ್ತೆ ಮತ್ತೆ ಕಾಣುವ ಪ್ರಕರಣವಾದ್ದರಿಂದ, ಅಂಥವುಗಳಲ್ಲಿ ಒಂದನ್ನು ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗಿ ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಪಡೆದು, ಪಿಸಿಎಂಬಿ ಆರಿಸಿಕೊಂಡಿದ್ದಳು. ತಂದೆಗೆ ಮಗಳು ಡಾಕ್ಟರಾಗಬೇಕೆಂಬ ಆಸೆ. ಮಗಳು ತನ್ನ ಆಸೆಯನ್ನು ಆವರೆಗೆ ಯಾರಿಗೂ ಹೇಳಿರಲಿಲ್ಲ. ಇಬ್ಬರ ಬಳಿ ಟ್ಯೂಷನ್ ಆಗಿಹೋಗಿತ್ತು. ಎರಡೂ ಕಡೆ ಬರೆಸಿದ ನೋಟ್ಸ್ ಪುಸ್ತಕಗಳನ್ನು ನಾನು ತರಿಸಿ ನೋಡಿದೆ. ಅಕ್ಷರ ಮುತ್ತಿನಂತಿತ್ತು, ಚಿತ್ರಗಳು ಅಂದವಾಗಿದ್ದವು, ಎಲ್ಲಿಯೂ ಒಂದು ತಪ್ಪಿಲ್ಲ, ಒಂದು ಹೊಡೆದುಹಾಕಿದ ಸಾಲಿಲ್ಲ. ಹದಿನೇಳು ವರ್ಷದ ವಿದ್ಯಾರ್ಥಿನಿಯ ಪುಸ್ತಕದಲ್ಲಿ ಒಂದೂ ತಪ್ಪು ಕಾಣದಿದ್ದರೆ ಅಲ್ಲಿ ಯೋಚಿಸಿದವರು ಬೇರೆ ಯಾರೋ ಇರಬೇಕು ಎಂಬ ಅನುಮಾನ ನನಗೆ ಸದಾ ಬರುತ್ತದೆ. ಅವಳೂ ಹೇಳಿದ್ದು ಅದನ್ನೇ: "ಅವರು ಹೇಳುವಾಗ ಎಲ್ಲಾ ಅರ್ಥ ಆಗುತ್ತೆ ಮೇಡಂ, ಮನೇಲಿ ಕೂತಾಗ ಏನೂ ಗೊತ್ತಾಗಲ್ಲ."

ಈ ಬಾರಿ ತಂದೆಯ ಮುಂದೆ ಎರಡು ಹೆಸರುಗಳಿದ್ದವು. ಒಬ್ಬರು ಎಂಬಿಬಿಎಸ್ ಓದುತ್ತಿದ್ದ ಯುವಕ, ನೀಟ್‌ನಲ್ಲಿ ಒಳ್ಳೆಯ ಅಂಕ ಪಡೆದವರು. ಇನ್ನೊಬ್ಬರು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮತ್ತು ಬಿ.ಎಡ್. ಮುಗಿಸಿ ಉಪನ್ಯಾಸಕ ಹುದ್ದೆಯ ನೇಮಕಾತಿಗೆ ಕಾಯುತ್ತಿದ್ದವರು. ಯಾರನ್ನು ಆರಿಸಬೇಕೆಂದು ನಾನೇ ಹೇಳಿಬಿಡಬೇಕೆಂಬುದು ತಂದೆಯ ಕೋರಿಕೆಯಾಗಿತ್ತು. ನಾನು ಒಪ್ಪಲಿಲ್ಲ. ಇಬ್ಬರನ್ನೂ ಬೇರೆ ಬೇರೆ ದಿನ ಕರೆದು, ಒಂದೇ ವಿಷಯವನ್ನು, ಅಂದರೆ ಒಂದೇ ಗುಣ ಪೀಳಿಗೆಯಿಂದ ಪೀಳಿಗೆಗೆ ಹೇಗೆ ಸಾಗುತ್ತದೆ ಎಂದು ನೋಡುವ ಮೆಂಡೆಲನ ಏಕತಳೀಕರಣವನ್ನು, ಅರ್ಧ ಗಂಟೆ ಕಲಿಸಲು ಕೇಳೋಣ, ಮಗಳೂ ನೀವೂ ಕುಳಿತು ನೋಡಿ ಎಂದೆ. ಅದಕ್ಕೆ ಸಂಭಾವನೆಯನ್ನೂ ಕೊಡಿಸಿದೆ. ಪುಕ್ಕಟೆ ಡೆಮೊ ಕೇಳುವುದು ಕಲಿಸುವವರ ಸಮಯಕ್ಕೆ ಮಾಡುವ ಅಗೌರವ ಎಂದು ನಾನು ನಂಬಿದ್ದೇನೆ.

ವೈದ್ಯಕೀಯ ವಿದ್ಯಾರ್ಥಿಯ ಪಾಠ ಚುರುಕಾಗಿತ್ತು. ಮೂರಕ್ಕೆ ಒಂದು, ಒಂದಕ್ಕೆ ಎರಡಕ್ಕೆ ಒಂದು, ಒಂಬತ್ತಕ್ಕೆ ಮೂರಕ್ಕೆ ಮೂರಕ್ಕೆ ಒಂದು ಎಂಬ ಅನುಪಾತಗಳನ್ನು ಬೋರ್ಡಿನ ಮೇಲೆ ಬರೆದು, ಯಾವ ಪ್ರಶ್ನೆಗೆ ಯಾವುದು ಎಂದು ಗುರುತಿಸುವ ಉಪಾಯ ಹೇಳಿ, ಹಳೆಯ ನೀಟ್ ಪ್ರಶ್ನೆಗಳನ್ನು ಬಿಡಿಸಿ ತೋರಿಸಿದರು. "ಅರ್ಥ ಆಯ್ತಾ?" ಎಂದಾಗ ಹುಡುಗಿ ತಲೆಯಾಡಿಸಿದಳು. ತಂದೆಯ ಮುಖ ಅರಳಿತು. ಆ ವಿದ್ಯಾರ್ಥಿ ಹೋದ ಮೇಲೆ ನಾನು ಎತ್ತರದ ಸಂಕರ ಗಿಡವನ್ನು ಕುಬ್ಜ ಗಿಡದೊಡನೆ ಕೂಡಿಸಿದರೆ ಸಂತತಿ ಹೇಗಿರುತ್ತದೆ ಎಂದು ಅವಳನ್ನು ಕೇಳಿದೆ. ಅರ್ಧಕ್ಕರ್ಧ ಬರಬೇಕಾದ ಕಡೆ ಅವಳು ಮೂರಕ್ಕೆ ಒಂದು ಎಂದು ಬರೆದಳು, ಏಕೆಂದರೆ ಬೋರ್ಡಿನ ಮೇಲೆ ಮೊದಲು ಇದ್ದದ್ದು ಅದು.

ಎರಡನೆಯವರು ಬಂದ ಸಂಜೆ ಪಾಠ ಶುರುವಾದದ್ದೇ ತಡವಾಗಿ. ಅವರು ಬೋರ್ಡಿನ ಬಳಿ ಹೋಗಲಿಲ್ಲ, ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು ಮನೆಯಲ್ಲಿ ಯಾವ ಹುಳು ಸಾಕುತ್ತೀರಿ ಎಂದು ಕೇಳಿದರು. ಸಿ.ಬಿ., ಅಂದರೆ ಕ್ರಾಸ್ ಬ್ರೀಡ್, ಎಂದಳು. ಅದು ಯಾವುದರ ಸಂಕರ ಎಂದಾಗ ಮೈಸೂರು ತಳಿಯ ಹೆಣ್ಣು, ಬೈವೋಲ್ಟೀನ್ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗಂಡು ಎಂದು ಸರಾಗವಾಗಿ ಹೇಳಿದಳು. ಮೈಸೂರು ತಳಿಯ ಗೂಡು ಹಳದಿ, ಬೈವೋಲ್ಟೀನ್ ಗೂಡು ಬಿಳಿ, ಸಿ.ಬಿ. ಗೂಡು ಮತ್ತೆ ಹಳದಿಯ ಕಡೆಗೆ. "ಗೂಡಿನ ಬಣ್ಣಕ್ಕೆ ಒಂದಕ್ಕಿಂತ ಹೆಚ್ಚು ಜೀನ್‌ಗಳಿವೆ. ಲೆಕ್ಕ ಸುಲಭವಾಗಲಿ ಅಂತ ಒಂದೇ ಅಂದುಕೊಳ್ಳೋಣ, ಆದರೆ ನಾವು ಹಾಗೆ ಅಂದುಕೊಂಡಿದ್ದೇವೆ ಅನ್ನೋದು ನೆನಪಿರಲಿ," ಎಂದರು ಮೇಷ್ಟ್ರು. ನನ್ನ ಮಟ್ಟಿಗೆ ಆಯ್ಕೆ ಆಗಲೇ ಮುಗಿದಿತ್ತು. ತಾನು ಎಲ್ಲಿ ವಿಷಯವನ್ನು ಸರಳಗೊಳಿಸುತ್ತಿದ್ದೇನೆ ಎಂಬುದನ್ನು ತಿಳಿದು, ಅದನ್ನು ಮಗುವಿಗೆ ಮುಚ್ಚಿಡದೆ ಹೇಳುವವರು ವಿಷಯವನ್ನು ನಿಜವಾಗಿ ಓದಿದವರು. ಯಾವ ಪ್ರಮಾಣಪತ್ರವೂ ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವುದಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ಕೊಠಡಿ ಸ್ತಬ್ಧವಾಯಿತು. "ಪ್ರತಿ ಬೆಳೆಗೂ ದುಡ್ಡು ಕೊಟ್ಟು ಮೊಟ್ಟೆ ತರುತ್ತೀರಲ್ಲ, ನಿಮ್ಮದೇ ಸಿ.ಬಿ. ಗೂಡಿನಿಂದ ಚಿಟ್ಟೆ ಹೊರಡಿಸಿ ಮೊಟ್ಟೆ ಇಡಿಸಿಕೊಂಡರೆ ಏನಾಗುತ್ತೆ?" ಹುಡುಗಿ ಸುಮ್ಮನಿದ್ದಳು, ಮೇಷ್ಟ್ರೂ ಸುಮ್ಮನಿದ್ದರು. ಆ ಮೌನವನ್ನು ತುಂಬುವ ಆತುರ ಅವರಿಗಿರಲಿಲ್ಲ. ತಡೆಯಲಾಗದೆ ಬಾಯಿಬಿಟ್ಟವರು ಮೂಲೆಯ ಕುರ್ಚಿಯಲ್ಲಿದ್ದ ತಂದೆ. "ತಾಯಿಯಿಂದ ಮೊಟ್ಟೆಗೆ ದಾಟೋ ಗಂಟುರೋಗದ ಭಯ ಒಂದು. ಅದು ಬಿಟ್ಟರೂ ಗೂಡು ಒಂದೇ ಸಮ ಬರಲ್ಲ ಸಾರ್. ಒಂದು ಹಳದಿ, ಒಂದು ಬಿಳಿ, ಒಂದು ದಪ್ಪ, ಒಂದು ಸಣ್ಣ. ಮಾರ್ಕೆಟ್‌ನಲ್ಲಿ ಯಾರೂ ಕೇಳಲ್ಲ." ಹುಡುಗಿ ತಂದೆಯನ್ನೇ ನೋಡುತ್ತ, "ಹಾಗಾದ್ರೆ ಎಫ್-ಟು ಅಂದ್ರೆ ಅದೇನಾ?" ಎಂದಳು. ಸಂಕರಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಬರುವ ಪೀಳಿಗೆಗೆ ಪುಸ್ತಕದಲ್ಲಿರುವ ಹೆಸರು ಅದು.

ಪ್ರಾಣಿಗಳಲ್ಲಿಯೂ ಮೆಂಡೆಲ್ ನಿಯಮಗಳು ನಡೆಯುತ್ತವೆ ಎಂದು ಜಪಾನಿನ ತೊಯಾಮಾ ಕಮೆಟಾರೊ 1906ರಲ್ಲಿ ತೋರಿಸಿಕೊಟ್ಟದ್ದು ರೇಷ್ಮೆಹುಳುಗಳ ಮೇಲೆಯೇ ಎಂಬುದನ್ನು ನಾನು ಆಮೇಲೆ ಓದಿದೆ. ಅಂದು ನಮಗೆ ಅದರ ಅಗತ್ಯವೂ ಬೀಳಲಿಲ್ಲ. ಹುಡುಗಿ ಎಫ್-ಟು ಲೆಕ್ಕದ ಚೌಕ ಬರೆಯಲು ಹೋಗಿ, ಜೀನಿನ ಒಂದೇ ಅಕ್ಷರ ಇರಬೇಕಾದ ಲಿಂಗಾಣುವಿನಲ್ಲಿ (ಮೊಟ್ಟೆ ಅಥವಾ ವೀರ್ಯಾಣುವಿನಲ್ಲಿ) ಎರಡು ಅಕ್ಷರಗಳನ್ನು ಬರೆದಳು. ಮೇಷ್ಟ್ರು ತಿದ್ದಲಿಲ್ಲ. ಒಂದು ಮೊಟ್ಟೆಗೆ ತಾಯಿಯಿಂದ ಜೋಡಿಯಲ್ಲಿ ಎಷ್ಟು ವರ್ಣತಂತು ಬರುತ್ತದೆ ಎಂದು ಕೇಳಿದರು, ಎರಡೂ ಎಂದಳು. ತೊಡಕು ಎಲ್ಲಿದೆ ಎಂಬುದು ಅಲ್ಲಿ ಹೊರಬಿತ್ತು. ಅವಳಿಗೆ ಅರ್ಥವಾಗದೆ ಉಳಿದಿದ್ದದ್ದು ಪ್ರಥಮ ಪಿಯುಸಿಯ ಕೋಶ ವಿಭಜನೆಯ ಅಧ್ಯಾಯ, ಅದರಲ್ಲೂ ಮಿಯಾಸಿಸ್, ಅಂದರೆ ಲಿಂಗಾಣುಗಳಾಗುವಾಗ ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯುವ ವಿಭಜನೆ. ಕನ್ನಡ ಮಾಧ್ಯಮದಿಂದ ಇಂಗ್ಲಿಷಿಗೆ ಬಂದ ಮೊದಲ ತಿಂಗಳುಗಳಲ್ಲಿ ಭಾಷೆಯೊಂದಿಗೆ ಹೆಣಗುತ್ತಿದ್ದಾಗ ಕೈತಪ್ಪಿದ ಆ ಅಧ್ಯಾಯದ ಮೇಲೆ ದ್ವಿತೀಯ ವರ್ಷದ ಅನುವಂಶೀಯತೆಯನ್ನು ಹಿಂದಿನ ಇಬ್ಬರು ಟ್ಯೂಷನ್ ಮೇಷ್ಟ್ರುಗಳು ಬರೆಸಿ ಬರೆಸಿ ಪೇರಿಸಿದ್ದರು. ಅರ್ಧ ಗಂಟೆ ಮುಗಿದಾಗ ಬೋರ್ಡಿನ ತುಂಬ ಹೊಡೆದುಹಾಕಿದ ಗೆರೆಗಳಿದ್ದವು, ಎಲ್ಲವೂ ಅವಳ ಕೈಬರಹದವು.

ಹೊರಡುವ ಮುನ್ನ ಆ ಮೇಷ್ಟ್ರು ಇನ್ನೊಂದು ಮಾತು ಹೇಳಿದರು: ಸಸ್ಯಶಾಸ್ತ್ರದ ಅಧ್ಯಾಯಗಳಲ್ಲಿ ತನಗೆ ಅಷ್ಟು ಹಿಡಿತವಿಲ್ಲ, ಅವಕ್ಕೆ ಕಾಲೇಜಿನ ಉಪನ್ಯಾಸಕರನ್ನೇ ಕೇಳುವುದು ಒಳ್ಳೆಯದು. ಪಿಯು ಜೀವಶಾಸ್ತ್ರದಲ್ಲಿ ಸಸ್ಯ ಮತ್ತು ಪ್ರಾಣಿ ಎರಡೂ ಸೇರಿರುತ್ತವೆ, ಸ್ನಾತಕೋತ್ತರ ಪದವಿ ಮಾತ್ರ ಸಾಮಾನ್ಯವಾಗಿ ಒಂದರಲ್ಲಿರುತ್ತದೆ. ಟ್ಯೂಷನ್‌ಗೆ ಸೇರಿಸುವಾಗ ಇದನ್ನು ಕೇಳುವ ಪೋಷಕರನ್ನು ನಾನು ಹೆಚ್ಚು ಕಂಡಿಲ್ಲ.

ತಂದೆಯ ಆಕ್ಷೇಪ ನಿರೀಕ್ಷಿತವಾಗಿತ್ತು. "ಡಾಕ್ಟರ್ ಓದೋ ಹುಡುಗನ್ನ ಬಿಟ್ಟು ಕೆಲಸ ಸಿಗದೇ ಇರೋರನ್ನ ಹಿಡೀರಿ ಅಂತೀರಲ್ಲ ಮೇಡಂ." ಹುಡುಗಿಯ ಸೋದರಮಾವ ಮರುದಿನ ಫೋನ್ ಮಾಡಿ ಇದನ್ನೇ ಇನ್ನಷ್ಟು ಖಾರವಾಗಿ ಹೇಳಿದರು. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ ಆಗಿರುವಾಗ, ಅದನ್ನು ಗೆದ್ದವರನ್ನು ಬಿಡುವುದು ಹುಚ್ಚುತನ ಎಂಬುದು ಅವರ ವಾದ. ನಾನು ಕೊಟ್ಟ ಉತ್ತರವನ್ನು ಇಲ್ಲಿಯೂ ಕೊಡುತ್ತೇನೆ. ಪರೀಕ್ಷೆಯನ್ನು ಗೆದ್ದದ್ದು ಗೆದ್ದವರ ಸಾಮರ್ಥ್ಯಕ್ಕೆ ಸಾಕ್ಷಿ. ಬೇರೆಯವರು ಎಲ್ಲಿ ಎಡವುತ್ತಾರೆ ಎಂಬುದನ್ನು ಹುಡುಕುವುದು ಬೇರೆಯೇ ಕೌಶಲ. ಎಡವದೆ ದಾಟಿದವರಿಗೆ ಆ ಜಾಗ ಕಾಣದೆಯೂ ಇರಬಹುದು. ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕ ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಎಡ್. ಕೇಳುವುದು ಇದೇ ಕಾರಣಕ್ಕೆ ಎಂದು ನಾನು ತಿಳಿದಿದ್ದೇನೆ, ಬಿ.ಎಡ್. ಇದ್ದವರೆಲ್ಲ ಹಾಗೆ ಕಲಿಸುತ್ತಾರೆ ಎಂಬ ಭ್ರಮೆ ನನಗಿಲ್ಲದಿದ್ದರೂ. ವೈದ್ಯಕೀಯ ವಿದ್ಯಾರ್ಥಿಗಳ ಬಗ್ಗೆ ನನಗೆ ಅಸಡ್ಡೆಯಿಲ್ಲ. 180 ನಿಮಿಷಗಳಲ್ಲಿ 180 ಪ್ರಶ್ನೆ, ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಅಂಕ ಕಡಿತ ಎಂಬ ಪರೀಕ್ಷೆಯಲ್ಲಿ ಯಾವುದನ್ನು ಬಿಡಬೇಕು, ಯಾವುದಕ್ಕೆ ಕೈಹಾಕಬೇಕು ಎಂಬ ಅಭ್ಯಾಸವನ್ನು ಅವರಷ್ಟು ಚೆನ್ನಾಗಿ ಬೇರೆಯವರು ಮಾಡಿಸಲಾರರು. ವಿಷಯ ಅರ್ಥವಾದ ಮೇಲೆ, ಕೊನೆಯ ತಿಂಗಳುಗಳಲ್ಲಿ, ಅವರನ್ನೇ ಕರೆಯಿರಿ ಎಂದೂ ನಾನು ಹೇಳಿದೆ. ಮಿಯಾಸಿಸ್ ಗೊತ್ತಿಲ್ಲದವಳಿಗೆ ಅನುಪಾತದ ಉಪಾಯ ಕಲಿಸುವುದು ಬೇರು ಹಿಡಿಯದ ಹಿಪ್ಪುನೇರಳೆ ಕಡ್ಡಿಯಿಂದ ಸೊಪ್ಪು ಕೊಯ್ಯಲು ಹೊರಟಂತೆ ಎಂದಾಗ ತಂದೆ ನಕ್ಕರು, ಮಾವ ಒಪ್ಪಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಇಡೀ ವರ್ಷದ ಪಠ್ಯಕ್ಕೆ ಟ್ಯೂಷನ್ ಬೇಡ. ಮೊದಲು ಪ್ರಥಮ ವರ್ಷದ ಕೋಶ ವಿಭಜನೆ, ಆಮೇಲೆ ದ್ವಿತೀಯ ವರ್ಷದ ಅನುವಂಶೀಯತೆ ಮತ್ತು ಅದರ ಅಣುಮಟ್ಟದ ಆಧಾರ ಎಂಬ ಅಧ್ಯಾಯಗಳಿಗೆ ಮಾತ್ರ, ವಾರಕ್ಕೆ ಎರಡು ದಿನ, ಡಿಸೆಂಬರ್ ಕೊನೆಯವರೆಗೆ. ಉಳಿದದ್ದನ್ನು ಅವಳೇ ಎನ್‌ಸಿಇಆರ್‌ಟಿ ಪುಸ್ತಕದಿಂದ ಓದಲಿ, ಅರ್ಥವಾಗದ ಕಡೆ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಲಿ. ಪಿಯುಸಿಯ 70 ಅಂಕಗಳ ಲಿಖಿತ ಪರೀಕ್ಷೆಗೂ ನೀಟ್‌ಗೂ ಮೂಲ ಆ ಪುಸ್ತಕವೇ. ಅದನ್ನು ತೆರೆಯದೆ ಸ್ವಂತ ನೋಟ್ಸ್ ಮಾತ್ರ ಬರೆಸುವವರ ವಿಷಯದಲ್ಲಿ ಎಚ್ಚರ ಬೇಕು. 2022ರ ಪಠ್ಯ ಕಡಿತದಲ್ಲಿ ಹನ್ನೆರಡನೆಯ ತರಗತಿಯ ಜೀವಶಾಸ್ತ್ರ ಪುಸ್ತಕ 16 ಅಧ್ಯಾಯಗಳಿಂದ 13ಕ್ಕೆ ಇಳಿಯಿತು, ಪರಿಸರ ಸಮಸ್ಯೆಗಳ ಅಧ್ಯಾಯ ಬಿಟ್ಟುಹೋದವುಗಳಲ್ಲಿ ಒಂದು. ಯಾವುವು ಹೋಗಿವೆ ಎಂದು ಟ್ಯೂಷನ್ ಹೇಳುವವರನ್ನು ಸುಮ್ಮನೆ ವಿಚಾರಿಸಿ ನೋಡಿದರೆ, ಅವರು ಈಚಿನ ಪುಸ್ತಕವನ್ನು ತೆರೆದಿದ್ದಾರೆಯೇ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಹಣದ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಬಾರದು, ತಿಂಗಳಿಗೆ ಕೊಡಬೇಕು, ತಿಂಗಳು ಮುಗಿದಾಗ ಮಗುವಿನ ಪುಸ್ತಕ ನೋಡಬೇಕು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಮಾರ್ಗಸೂಚಿಯಲ್ಲಿ ಕಲಿಸುವವರಿಗೆ ಕನಿಷ್ಠ ಪದವಿ ಇರಬೇಕು, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕ ಮರಳಿಸಬೇಕು ಎಂಬ ಮಾತುಗಳಿವೆ. ಆದರೆ ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳನ್ನು ಕುರಿತದ್ದು. ಮನೆಗೆ ಬಂದು ಪಾಠ ಹೇಳುವವರ ಅರ್ಹತೆಯನ್ನು ಪರಿಶೀಲಿಸುವವರು ಪೋಷಕರನ್ನು ಬಿಟ್ಟರೆ ಇನ್ನಾರೂ ಇಲ್ಲ. ಆದ್ದರಿಂದ ಪದವಿ ಪ್ರಮಾಣಪತ್ರವನ್ನೂ ಗುರುತಿನ ಚೀಟಿಯನ್ನೂ ಸಂಕೋಚವಿಲ್ಲದೆ ಕೇಳಿ ನೋಡಿ, ಹಿಂದೆ ಕಲಿತವರ ಮನೆಯವರೊಡನೆ ಮಾತನಾಡಿ, ಪಾಠ ನಡುಮನೆಯಲ್ಲಿ ನಡೆಯಲಿ, ದೊಡ್ಡವರೊಬ್ಬರು ಮನೆಯಲ್ಲಿರಲಿ ಎಂದೆ. ಮೇಷ್ಟ್ರಿಗೆ ಬೇಸರವಾಗುವುದಿಲ್ಲವೇ ಎಂದು ತಂದೆ ಅಳುಕಿದರು. ಬೇಸರ ಮಾಡಿಕೊಳ್ಳುವವರು ಬೇಡ ಎಂದೆ. ಆ ಎಂಎಸ್ಸಿ ಮೇಷ್ಟ್ರು ಕೇಳುವ ಮೊದಲೇ ತಂದು ತೋರಿಸಿದರಂತೆ.

ಪಾಠ ಶುರುವಾದ ಕೆಲವು ವಾರಗಳ ಮೇಲೆ ಹುಡುಗಿ ತಾನಾಗಿ ಬಂದು, ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯಕ್ಕೆ ಹೇಗೆ ಸೇರುವುದು ಎಂದು ಕೇಳಿದಳು. ಅದಕ್ಕೆ ದಾರಿ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕೆಸಿಇಟಿ. ಅಲ್ಲಿ ಜೀವಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪಿಯುಸಿ ಅಂಕಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ನೀಟ್ ಕೈಬಿಡು ಎಂದು ನಾನು ಹೇಳಲಿಲ್ಲ, ಎರಡನ್ನೂ ಬರೆ ಎಂದೆ, ಆದರೆ ಈ ಮಾತನ್ನು ಅಪ್ಪನ ಮುಂದೆ ಅವಳೇ ಹೇಳಬೇಕೆಂದು ಒತ್ತಾಯಿಸಿದೆ. ಹೇಳಿದಳು. ತಂದೆ ಇನ್ನೂ ಪೂರ್ತಿ ಒಪ್ಪಿಲ್ಲ. ಪರೀಕ್ಷೆಗಳು ಬಾಕಿಯಿರುವುದರಿಂದ ಅಂಕಗಳ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಕಳೆದ ವಾರ ತಂದೆ ಫೋನ್ ಮಾಡಿದ್ದು ಭೌತಶಾಸ್ತ್ರಕ್ಕೊಬ್ಬ ಮೇಷ್ಟ್ರು ಬೇಕೆಂದು. ಮಗಳ ಭೌತಶಾಸ್ತ್ರದ ನೋಟ್ಸ್ ಪುಸ್ತಕವನ್ನು ತೆಗೆದುಕೊಂಡು ಮಗಳೊಡನೆ ಬನ್ನಿ ಎಂದು ಸೋಮವಾರ ಸಂಜೆಯ ಸಮಯ ಕೊಟ್ಟಿದ್ದೇನೆ.