ಹೊನ್ನೆ ಲೋಟ ಬಂತು, ಮಾತ್ರೆ ಬಿಡಬಹುದೇ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಅಪ್ಪಾಜಿಗೆ 62 ವರ್ಷ. ಒಂಬತ್ತು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತಗೊಳ್ತಿದ್ದರು. ದೀಪಾವಳಿಗೆ ಮುಂಚೆ ವಸ್ತುಪ್ರದರ್ಶನದಲ್ಲಿ 450 ರೂಪಾಯಿ ಕೊಟ್ಟು ಹೊನ್ನೆ ಮರದ ಲೋಟ ತಂದರು. ರಾತ್ರಿ ನೀರು ಹಾಕಿಟ್ಟು ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಯುತ್ತಾರೆ. ನೀರು ಕಷಾಯದ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ನೀಲಿ ಹೊಳೆಯುತ್ತದೆ. ಅದನ್ನು ನೋಡಿದ ಮೇಲಂತೂ ಅವರ ನಂಬಿಕೆ ಗಟ್ಟಿಯಾಗಿದೆ. ಒಂದು ತಿಂಗಳಿಂದ ಮಾತ್ರೆ ಪೂರ್ತಿ ಬಿಟ್ಟಿದ್ದಾರೆ. ಕೇಳಿದರೆ ‘ಇದು ಋಷಿಮುನಿಗಳ ಔಷಧ’ ಅಂತಾರೆ. ಮೊನ್ನೆ ಬರಿಹೊಟ್ಟೆಯ ಶುಗರ್ 212 ಬಂತು. ಈ ಲೋಟ ನಿಜವೋ ಸುಳ್ಳೋ?
ಎಸ್.ಕೆ., ದಾವಣಗೆರೆ

ಉತ್ತರ: ತಾಯಿ, ಈ ಪತ್ರಿಕೆ ಕೈಗೆ ಬಂದ ದಿನವೇ ಅಪ್ಪಾಜಿಯನ್ನು ಮೊದಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. 212 ಬಂದ ಚೀಟಿಯನ್ನೂ ಲೋಟವನ್ನೂ ಎರಡನ್ನೂ ತೋರಿಸಿ. ಮಾತ್ರೆ ಮತ್ತೆ ಶುರುವಾಗಬೇಕು, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ಅವರೇ ಹೇಳಲಿ. ಮಿಕ್ಕ ಮಾತು ಆಮೇಲೆ.

ಲೋಟ ಸುಳ್ಳಲ್ಲ. ನಾನು ಆಯುರ್ವೇದದವಳು, ಶಿರಸಿ ಕಡೆಯವಳು, ಹೊನ್ನೆಯ ನೆರಳಲ್ಲೇ ಬೆಳೆದವಳು. ನಮ್ಮ ಮನೆಯ ಹೆಬ್ಬಾಗಿಲಿನ ದಾರಂದ ಹೊನ್ನೆಯದು. ಮಳೆಗಾಲದಲ್ಲಿ ಇರಚಲು ಹೊಡೆದರೆ ಪಕ್ಕದ ಸುಣ್ಣದ ಗೋಡೆಗೆ ಹಳದಿ ಕಲೆ ಇಳಿಯುತ್ತಿತ್ತು. ಆಯಿ ಪ್ರತಿ ವರ್ಷ ಸುಣ್ಣ ಬಳಿಸುವಾಗಲೂ ಅದನ್ನು ಹೇಳಿಕೊಳ್ಳುತ್ತಿದ್ದಳು. ಒಮ್ಮೆ ಕೊಟ್ಟಿಗೆಯ ಬಾಗಿಲಿಗೆಂದು ಆಚಾರಿಗಳು ಹೊನ್ನೆ ಹಲಗೆಗೆ ಕೀಸುಳಿ ಹಾಕುತ್ತಿದ್ದರು. ಸುರುಳಿ ಸುರುಳಿಯಾದ ಸಿಪ್ಪೆ ಹಾರಿ ದನಕ್ಕೆ ಇಟ್ಟಿದ್ದ ಬಾನಿಯ ನೀರಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ನೀರು ಜೇನಿನ ಬಣ್ಣವಾಯಿತು. ಬಿಸಿಲು ಓರೆಯಾಗಿ ಬಿದ್ದ ಕಡೆ ಮಾತ್ರ ನವಿಲಿನ ಕುತ್ತಿಗೆಯ ನೀಲಿ. ಕೈಯಲ್ಲಿ ಕದಡಿದರೆ ನೀಲಿ ಓಡುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ನನಗಾಗ ಎಂಟು ವರ್ಷ. ನಿಮ್ಮ ಅಪ್ಪಾಜಿ ಯಾಕೆ ಮರುಳಾದರು ಅಂತ ನನಗೆ ಚೆನ್ನಾಗಿ ಗೊತ್ತು.

ಆ ನೀಲಿ ಮರದ ಕೆಚ್ಚಿನಲ್ಲಿ, ಅಂದರೆ ಒಳಗಿನ ಬಲಿತ ಗಟ್ಟಿ ಭಾಗದಲ್ಲಿ, ಇರುವ ಕೆಲವು ಪದಾರ್ಥಗಳ ಗುಣ. ಅವು ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ಕಿರಣಗಳನ್ನು ಹೀರಿ ನೀಲಿಯಾಗಿ ಹೊರಗೆ ಬಿಡುತ್ತವೆ. ಲೋಟವನ್ನು ಕೆಚ್ಚಿನಿಂದ ಕಡೆದಿದ್ದಾರೆ ಎಂಬುದಕ್ಕೆ ಅದು ಒಳ್ಳೆಯ ಗುರುತು. ರಕ್ತದ ಸಕ್ಕರೆ ಇಳಿಯಿತು ಎಂಬುದಕ್ಕೆ ಅಲ್ಲ. ಇವೆರಡನ್ನೂ ಒಂದೇ ಎಂದು ತಿಳಿದಿದ್ದರಿಂದಲೇ ಮಾತ್ರೆ ಕಪಾಟು ಸೇರಿದೆ.

ಋಷಿಮುನಿಗಳ ಮಾತಿಗೆ ಬರೋಣ. ಸಂಸ್ಕೃತದಲ್ಲಿ ಇದು ಅಸನ, ಬೀಜಕ. ಅಂಗಡಿಯವರು ವಿಜಯಸಾರ ಅನ್ನುತ್ತಾರೆ. ಸುಶ್ರುತ ಸಂಹಿತೆಯ ಸಾಲಸಾರಾದಿ ಗಣದಲ್ಲಿ (ಗಣ ಎಂದರೆ ಔಷಧದ ಗಿಡಮರಗಳ ಗುಂಪು) ಅಸನ ಇದೆ, ಆ ಗಣ ಪ್ರಮೇಹಕ್ಕೆ ಹೇಳಿದ್ದೂ ಹೌದು. ಇಂದಿನ ಶುಗರ್ ಕಾಯಿಲೆ ಆ ಪ್ರಮೇಹದಲ್ಲೇ ಬರುತ್ತದೆ. ಅಷ್ಟಾಂಗಹೃದಯದಲ್ಲಿ ಅಸನಾದಿ ಗಣವೆಂದೇ ಇದೆ. ಆದರೆ ಆ ಗಣದಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಿಡಮರಗಳಿವೆ, ಹೊನ್ನೆ ಅವುಗಳಲ್ಲಿ ಒಂದು. ಇನ್ನು ಅದೇ ಸುಶ್ರುತ ಪ್ರಮೇಹದ ಬಡ ರೋಗಿಗೆ ಏನು ಹೇಳುತ್ತಾನೆ ಗೊತ್ತೇ? ಚಪ್ಪಲಿಯಿಲ್ಲದೆ, ಕೊಡೆಯಿಲ್ಲದೆ ನೂರು ಯೋಜನ ನಡೆ, ಇಲ್ಲವೇ ಬಾವಿ ತೋಡು ಎಂದು. (ಇಂದಿನ ಶುಗರ್ ರೋಗಿಗಳು ಮಾತ್ರ ಬರಿಗಾಲಲ್ಲಿ ನಡೆಯಬಾರದು, ಕಾರಣ ಮುಂದೆ ಹೇಳುತ್ತೇನೆ.) ಅಪ್ಪಾಜಿ ಋಷಿಗಳ ಮಾತು ಕೇಳುವುದಾದರೆ ಪೂರ್ತಿ ಕೇಳಲಿ. ದಿನಾ ಮುಕ್ಕಾಲು ಗಂಟೆ ಬೀಸು ನಡಿಗೆ, ತಟ್ಟೆಯಲ್ಲಿ ಅನ್ನ ಕಡಿಮೆ, ಕಾಳು-ಸೊಪ್ಪು ಹೆಚ್ಚು.

ಈಗಿನ ಪರೀಕ್ಷೆಯೂ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ವಿಜಯಸಾರದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. 97 ರೋಗಿಗಳಲ್ಲಿ 67 ಮಂದಿಗೆ 12 ವಾರದೊಳಗೆ ಸಕ್ಕರೆ ಹತೋಟಿಗೆ ಬಂತು. ಆಯುರ್ವೇದದವಳಾಗಿ ನನಗೆ ಹೆಮ್ಮೆಯ ಸಂಗತಿಯೇ. ಆದರೆ ಅವರಿಗೆಲ್ಲ ಕಾಯಿಲೆ ಹೊಸದಾಗಿ ಪತ್ತೆಯಾಗಿತ್ತು. ಔಷಧವನ್ನು ದಿನಕ್ಕೆ 2ರಿಂದ 4 ಗ್ರಾಂ ಎಂದು ಅಳೆದು ಕೊಟ್ಟು, ರಕ್ತ ನೋಡುತ್ತಾ ಪ್ರಮಾಣ ಏರಿಸಿದ್ದರು. ಔಷಧ ಕೊಡದ ಇನ್ನೊಂದು ಗುಂಪನ್ನಿಟ್ಟು ಹೋಲಿಸಿ ನೋಡಿರಲಿಲ್ಲ. ನಿಮ್ಮ ತಂದೆಯ ಕಾಯಿಲೆ ಒಂಬತ್ತು ವರ್ಷ ಹಳೆಯದು. ಅವರ ಲೋಟದಿಂದ ದಿನಕ್ಕೆ ಎಷ್ಟು ಸಾರ ಇಳಿಯುತ್ತದೆ ಎಂದು ಅಳೆದವರು ಯಾರೂ ಇಲ್ಲ. ಹೊಸ ಲೋಟ ಮೊದಲ ವಾರ ಗಾಢ ಬಣ್ಣ ಬಿಡುತ್ತದೆ. ದಿನ ಕಳೆದಂತೆ ತೆಳುವಾಗುತ್ತಾ ಹೋಗಿ ಕೊನೆಗೆ ಬರೀ ನೀರು. ಹೀಗೆ ದಿನಕ್ಕೊಂದು ಪ್ರಮಾಣವಾದರೆ ಔಷಧವೆಂದು ನೆಚ್ಚುವುದು ಹೇಗೆ?

ನಮ್ಮ ದೊಡ್ಡಪ್ಪ ಹೀಗೇ ಮಾಡಿದರು. ಲೋಟ ಅಲ್ಲ, ಹೊನ್ನೆ ಚಕ್ಕೆಯ ಕಷಾಯ. ಮಾತ್ರೆ ಬಿಟ್ಟು ನಾಲ್ಕು ತಿಂಗಳಾಗಿದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೋಟದಲ್ಲಿ ಅಡಿಕೆ ಹಾಳೆಯ ಸೀಳು ಕಾಲಿಗೆ ಚುಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ, ಪಾದ ಮರಗಟ್ಟಿತ್ತು. ವಾರ ಬಿಟ್ಟು ವಾಸನೆ ಬಂದಾಗ ನೋಡಿದರೆ ಹೆಬ್ಬೆರಳು ಕಪ್ಪಾಗಿತ್ತು. ಅದನ್ನು ತೆಗೆಸಬೇಕಾಯಿತು. ನಾನಾಗ ಬಿಎಎಂಎಸ್ ಎರಡನೇ ವರ್ಷ. ಕಷಾಯ ಒಳ್ಳೆಯದು ಕುಡಿಯಿರಿ ಎಂದು ಹೇಳಿದವರಲ್ಲಿ ನಾನೂ ಒಬ್ಬಳು. ಮಾತ್ರೆ ಬಿಡಬೇಡಿ ಅನ್ನುವ ಎರಡನೇ ಮಾತು ಹೇಳಿರಲಿಲ್ಲ. ಅದಕ್ಕೇ ಈಗ ಶುಗರ್‌ನವರು ಯಾರು ಬಂದರೂ ಮೊದಲು ಪಾದ ನೋಡುತ್ತೇನೆ. ನೀವೂ ಇವತ್ತು ರಾತ್ರಿ ಅಪ್ಪಾಜಿಯ ಪಾದ, ಬೆರಳ ಸಂದು ದೀಪದ ಬೆಳಕಲ್ಲಿ ನೋಡಿ.

ಡಾಕ್ಟರು ಒಪ್ಪಿದರೆ ಲೋಟದ ನೀರು ಮಾತ್ರೆಯ ಜೊತೆಗೆ ಮುಂದುವರಿಯಲಿ, ಅದನ್ನು ಕಿತ್ತಿಟ್ಟು ಅವರ ಮನಸ್ಸು ನೋಯಿಸಬೇಡಿ. ಆದರೆ ಗ್ಲಿಮೆಪಿರೈಡ್ ಒಂದೇ ಸಕ್ಕರೆಯನ್ನು ಜೋರಾಗಿ ಇಳಿಸಬಲ್ಲದು. ಜೊತೆಗೆ ಇದೂ ಸೇರಿ ಬೆವರು, ಕೈನಡುಕ, ಕಣ್ಣು ಕತ್ತಲೆ ಬಂದರೆ ತಕ್ಷಣ ಎರಡು ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಲೋಟಕ್ಕೆ ಸೋಪು ಬೇಡ, ಹಗಲು ನೆರಳಲ್ಲಿ ಬೋರಲು ಹಾಕಿ ಒಣಗಿಸಿ, ಬೂಷ್ಟು ಕಂಡರೆ ಎಸೆದುಬಿಡಿ.

ಪ್ರಶ್ನೆ: ನಮ್ಮಲ್ಲಿ ಅಜ್ಜಿಯ ಕಾಲದಲ್ಲಿ ದೀಪಕ್ಕೆ ಹೊನ್ನೆ ಎಣ್ಣೆ ಹಾಕುತ್ತಿದ್ದರು. ಲೋಟ ಮಾಡುವುದು ಅದೇ ಮರದಿಂದಲೇ?
ಓದುಗರು, ಕುಮಟಾ

ಉತ್ತರ: ಅಲ್ಲ. ನಿಮ್ಮದು ಸುರಹೊನ್ನೆ. ಸಮುದ್ರದ ಬದಿಗೆ ಬೆಳೆಯುವ, ದಪ್ಪ ಹೊಳಪಿನ ಎಲೆಯ, ಘಮಘಮಿಸುವ ಬಿಳಿ ಹೂವಿನ, ಗೋಲಿಯಂಥ ಕಾಯಿಯ ಮರ. ಆ ಎಣ್ಣೆ ದೀಪಕ್ಕೆ, ಕೀಲುನೋವಿಗೆ ಹಚ್ಚಲು. ಹೊಟ್ಟೆಗೆ ಖಂಡಿತ ಬೇಡ. ಘಟ್ಟದ ಮೇಲಿನ ಹೊನ್ನೆಯ ಹೂವು ಹಳದಿ. ಕಾಯಿ ಚಪ್ಪಟೆ, ನಡುವೆ ಬೀಜ, ಸುತ್ತ ರೆಕ್ಕೆ. ತೊಗಟೆಗೆ ಕತ್ತಿ ತಾಗಿದರೆ ನೆತ್ತರಿನಂಥ ಕೆಂಪು ರಸ ಒಸರುತ್ತದೆ. ಆ ರಸ ಒಣಗಿದ ಅಂಟೇ ಹಿಂದೆ ‘ಮಲಬಾರ್ ಕೈನೋ’ ಎಂಬ ಹೆಸರಲ್ಲಿ ಭೇದಿಯ ಔಷಧವಾಗಿ ಯುರೋಪಿಗೆ ಹೋಗುತ್ತಿತ್ತು.

ಪ್ರಶ್ನೆ: ಎರಡು ಎಕರೆ ಬೇಣ (ಹುಲ್ಲು ಬೆಳೆಯುವ ಜಾಗ) ಇದೆ. ಹೊನ್ನೆ ನೆಡಬಹುದೇ? ಲೋಟಕ್ಕೆ ಒಳ್ಳೆಯ ಬೆಲೆ ಇದೆಯಂತೆ.
ಎಂ.ಆರ್., ಸಾಗರ

ಉತ್ತರ: ದಯವಿಟ್ಟು ನೆಡಿ. ಬೆಲೆಯ ಆಸೆಯಿಂದ ನೆಟ್ಟರೂ ಸಂತೋಷವೇ. ಲೋಟಕ್ಕೆ ಬೇಕಾದ್ದು ಕೆಚ್ಚು, ಕೆಚ್ಚು ಬಲಿಯಲು ಒಂದು ತಲೆಮಾರು ಕಾಯಬೇಕು. ಆರು ತಿಂಗಳು ಬಾಳದ ಲೋಟಕ್ಕಾಗಿ ನಮ್ಮಜ್ಜನ ಕಾಲದ ಮರಗಳು ಉರುಳುವುದನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ. ಸ್ವಂತ ಜಮೀನಿನ ಮರವಾದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆದ್ದರಿಂದ ನೆಟ್ಟ ವರ್ಷವೇ ಲೆಕ್ಕ ಬರೆದಿಡಿ. ಸಸಿಗೆ ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಬಗ್ಗೆ ಕೇಳಿ. ಬದುಕಿದ ಗಿಡಕ್ಕೆ ಪ್ರೋತ್ಸಾಹಧನವೂ ಇದೆ. ನೀವೇ ಸಸಿ ಮಾಡುವುದಾದರೆ ಬೇಸಿಗೆಯ ಮೊದಲು ಮರದ ಬುಡದಲ್ಲಿ ಬಿದ್ದ ಒಣ ಕಾಯಿ ಆರಿಸಿ. ಬೀಜ ಬಿಡಿಸಲು ಹೋಗಿ ಬೆರಳು ಕೊಯ್ದುಕೊಳ್ಳಬೇಡಿ. ರೆಕ್ಕೆ ಕತ್ತರಿಸಿ, ಕಾಯಿಯನ್ನೇ ಒಂದೆರಡು ದಿನ ನೀರಲ್ಲಿ ನೆನೆಸಿ ಮರಳು ಬೆರೆಸಿದ ಮಣ್ಣಲ್ಲಿ ಊರಿ. ಮೊದಲ ಎರಡು ಬೇಸಿಗೆ ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿ, ಬುಡಕ್ಕೆ ದರಕು (ಒಣಗಿದ ಎಲೆ) ಹಾಸಿ.