ಎಕ್ಸ್‌ಚೇಂಜ್‌ನಲ್ಲಿ ಸಿಕ್ಕಿಬಿದ್ದ ಚಾಲಿ ದುಡ್ಡು: ಹೆಗಡೆಯವರ ಪ್ರಶ್ನೆಗೆ ಉತ್ತರ

ಹೆಗಡೆಯವರೇ, ನಿಮ್ಮ ಪ್ರಶ್ನೆಯನ್ನೂ ಅದರ ಕೆಳಗೆ ಬಂದ ಉತ್ತರಗಳನ್ನೂ ಓದಿದೆ. ಅಡಿಕೆ ಬೆಳೆಗಾರರ ಈ ಗುಂಪಿನಲ್ಲಿ ಕೊಳೆ ಔಷಧಿ, ಎಲೆಚುಕ್ಕೆ ರೋಗದ ಮಾತಿನ ನಡುವೆ ಬಿಟ್‌ಕಾಯಿನ್ ಯಾಕೆ ಎಂದು ಒಂದಿಬ್ಬರು ಬೇಸರ ಮಾಡಿಕೊಂಡಿದ್ದಾರೆ. ನನ್ನ ಪ್ರಕಾರ ಇದು ತೋಟದ ವಿಷಯವೇ. ಸಿಕ್ಕಿಬಿದ್ದಿರುವುದು ಚಾಲಿ ಅಡಿಕೆ ಮಾರಿದ ದುಡ್ಡು. ಮೈಲುತುತ್ತ, ಅಡಿಕೆ ಕೊಯ್ಯುವ ಕೊನೆಗೌಡರ ಕೂಲಿ, ಸಂಘದ ಬೆಳೆಸಾಲ ಎಲ್ಲ ಅದರಿಂದಲೇ ಆಗಬೇಕಿತ್ತು. ನಾನು ಶಿರಸಿಯಲ್ಲಿ ತೆರಿಗೆ ಲೆಕ್ಕ ಬರೆಯುವವನು, ಸ್ವಲ್ಪ ತೋಟವೂ ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈಗ ಓದುವವರಿಗೆ ಸಂಗತಿ ಇಷ್ಟು. ಹೆಗಡೆಯವರ ತಮ್ಮನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಎರಡೂ ಮನೆಯ ದುಡ್ಡು ಸೇರಿಸಿ, ಅವನ ಹೆಸರಿನ ಖಾತೆಯಿಂದ ಒಂದು ಕ್ರಿಪ್ಟೋ ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಡಿಜಿಟಲ್ ನಾಣ್ಯ ಕೊಂಡು ಮಾರುವ ಆನ್‌ಲೈನ್ ಪೇಟೆಯಲ್ಲಿ, ಬಿಟ್‌ಕಾಯಿನ್ ಕೊಂಡಿದ್ದರು. ಈಗ ಆ್ಯಪ್ ತೆರೆದರೆ ಮೊತ್ತ ಕಾಣುತ್ತದೆ, ಹಿಂದೆ ತೆಗೆಯಲು ಹೋದರೆ ಆಗುವುದಿಲ್ಲ. ಗುಂಪಿನಲ್ಲಿ ಒಬ್ಬರು "ಹೋಯ್ತು, ಮರೆತುಬಿಡಿ" ಎಂದಿದ್ದಾರೆ. ಇನ್ನೊಬ್ಬರು ಹಣ ವಾಪಸ್ ಕೊಡಿಸುವವರ ನಂಬರ್ ಹಾಕಿದ್ದಾರೆ. ಎರಡನ್ನೂ ಕೇಳಬೇಡಿ.

ಮೊದಲು ಆ ನಂಬರ್. ಅಡ್ಮಿನ್ ಅವರು ದಯವಿಟ್ಟು ಅದನ್ನು ತೆಗೆದುಹಾಕಿ. ಎಲ್ಲಿ ಎಕ್ಸ್‌ಚೇಂಜ್ ಮುಳುಗುತ್ತದೋ ಅಲ್ಲಿ ಇಂಥವರು ಬರುತ್ತಾರೆ. ಎಫ್‌ಟಿಎಕ್ಸ್ ಎಂಬ ದೊಡ್ಡ ಎಕ್ಸ್‌ಚೇಂಜ್ ಮುಳುಗಿದ ಮೇಲೆ ಅದರ ಗ್ರಾಹಕರ ಕ್ಲೇಮ್ (ಬಾಕಿ ಕೇಳುವ ಅರ್ಜಿ) ನೋಡಿಕೊಳ್ಳುತ್ತಿದ್ದ ಕ್ರೋಲ್ ಸಂಸ್ಥೆಯಿಂದಲೇ 2023ರ ಆಗಸ್ಟ್‌ನಲ್ಲಿ ಗ್ರಾಹಕರ ವಿವರ ಸೋರಿಹೋಯಿತು. ಆಮೇಲೆ ಅವರಿಗೆಲ್ಲ "ನಿಮ್ಮ ಹಣ ಬಂದಿದೆ, ಇಲ್ಲಿ ಒತ್ತಿ" ಎಂಬ ಸುಳ್ಳು ಮೇಲ್‌ಗಳು ಬಂದವು. ಒಮ್ಮೆ ಕಳೆದುಕೊಂಡವರು ಇನ್ನೊಮ್ಮೆ ಕಳೆದುಕೊಳ್ಳುವುದು ಹೀಗೆ. ಮುಂಗಡ ಫೀ ಕೇಳುವವರು, ಒಟಿಪಿ ಕೇಳುವವರು, ಫೋನಿನ ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸುವವರು ಯಾರೇ ಆಗಲಿ, ಮಾತು ಬೆಳೆಸಬೇಡಿ. ವಕೀಲರ ಹೆಸರಲ್ಲಿ ಬಂದರೂ ಅಷ್ಟೇ.

ಇನ್ನು ನಿಮ್ಮ ಕೆಲಸ. ಇದು ನಿಜವಾದ ಎಕ್ಸ್‌ಚೇಂಜೋ ಅಥವಾ ಎಕ್ಸ್‌ಚೇಂಜ್ ಹಾಗೆ ಕಾಣುವ ನಕಲಿ ಆ್ಯಪೋ ಎಂಬುದನ್ನು ಇವತ್ತೇ ಖಚಿತ ಮಾಡಿಕೊಳ್ಳಿ. ಟೆಲಿಗ್ರಾಂ ಅಥವಾ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕಳಿಸಿದ ಲಿಂಕ್‌ನಿಂದ ಹಾಕಿಕೊಂಡಿದ್ದರೆ, "ಹಣ ತೆಗೆಯಲು ಮೊದಲು ಇಷ್ಟು ತೆರಿಗೆ ಕಟ್ಟಿ" ಎಂದು ಕೇಳುತ್ತಿದ್ದರೆ, ಅದು ಮೋಸ. ನಿಜವಾದ ಎಕ್ಸ್‌ಚೇಂಜ್ ತೆರಿಗೆಯನ್ನು ಮುರಿದುಕೊಳ್ಳುತ್ತದೆ, ಹೊಸದಾಗಿ ದುಡ್ಡು ಹಾಕಿ ಎನ್ನುವುದಿಲ್ಲ. ಮೋಸದ ಆ್ಯಪ್ ಆಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ, ಕಾರವಾರದ ಸಿಇಎನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೂ ಕೊಡಿ. ಮಾಣಿ, ಅಂದರೆ ನಿಮ್ಮ ತಮ್ಮನ ಮಗ, ಬೆಂಗಳೂರಿನಲ್ಲೇ ಇದ್ದರೆ ಅಲ್ಲಿಂದಲೇ ದೂರು ಕೊಡಬಹುದು. ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ ಓಡುತ್ತಿರುವಾಗ ಹಿಡಿದರೆ ಮಾತ್ರ ಉಪಯೋಗ, ಆದ್ದರಿಂದ ಗಂಟೆಗಳೂ ಮುಖ್ಯ.

ನಿಜವಾದ ಎಕ್ಸ್‌ಚೇಂಜೇ ಆಗಿದ್ದರೆ ದಾರಿ ಬೇರೆ. ಅಲ್ಲಿ ನೀವು ಅರ್ಥ ಮಾಡಿಕೊಳ್ಳಬೇಕಾದದ್ದು ಒಂದೇ. ಆ್ಯಪ್‌ನಲ್ಲಿ ಕಾಣುವ ಅಂಕಿ ಅವರು ನಿಮಗೆ ಕೊಡಬೇಕಾದ ಬಾಕಿ. ಸಂಘದ ಗೋದಾಮಿನಲ್ಲಿ ನಿಮ್ಮ ಹೆಸರಿನ ಚೀಟಿ ಹಚ್ಚಿದ ಚೀಲ ಇರುತ್ತದೆ. ಅಡಿಕೆ ಕೊಳ್ಳುವ ವಖಾರಿಯವರು ನಿಮ್ಮ ಅಡಿಕೆಯನ್ನು ತಮ್ಮ ರಾಶಿಗೆ ಸುರಿದುಕೊಂಡು ಪಟ್ಟಿ ಬರೆದು ಕೊಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಪಟ್ಟಿ ಮಾತ್ರ. ಹೆಚ್ಚಿನ ಎಕ್ಸ್‌ಚೇಂಜ್‌ಗಳಲ್ಲಿ ನಡೆಯುವುದು ಎರಡನೆಯದು. ಎಲ್ಲರ ನಾಣ್ಯವೂ ಅವರ ಕೆಲವು ವಾಲೆಟ್‌ಗಳಲ್ಲಿ (ಡಿಜಿಟಲ್ ತಿಜೋರಿಗಳಲ್ಲಿ) ಒಟ್ಟಿಗೆ ಇರುತ್ತದೆ, ಅದನ್ನು ತೆರೆಯುವ ಗುಟ್ಟಿನ ಸಂಕೇತ ಅಂದರೆ ಕೀಲಿ ಅವರ ಕೈಯಲ್ಲಿ ಇರುತ್ತದೆ. ನಿಮ್ಮ ಪಾಲು ಎಷ್ಟು ಎಂಬುದು ಅವರ ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಇರುತ್ತದೆ. ಒಳಗೆ ನಾಣ್ಯ ಖಾಲಿಯಾದರೂ ಆ ಲೆಕ್ಕ ಹಾಗೇ ಕಾಣುತ್ತಿರುತ್ತದೆ.

ಎಫ್‌ಟಿಎಕ್ಸ್‌ನಲ್ಲಿ ಆದದ್ದು ಇದೇ. 2022ರ ನವೆಂಬರ್ ಮೊದಲ ವಾರದಲ್ಲಿ ಅದರ ಅಕ್ಕತಂಗಿ ಕಂಪನಿ ಅಲಮೇಡಾದ ಲೆಕ್ಕಪತ್ರ ಹೊರಗೆ ಬಂತು. ಅದರಲ್ಲಿದ್ದ ಆಸ್ತಿಯ ದೊಡ್ಡ ಭಾಗ ಎಫ್‌ಟಿಎಕ್ಸ್ ತಾನೇ ಸೃಷ್ಟಿಸಿದ ಟೋಕನ್, ಅಂದರೆ ತನ್ನದೇ ಡಿಜಿಟಲ್ ನಾಣ್ಯ. ಜನ ಹಣ ತೆಗೆಯಲು ಮುಗಿಬಿದ್ದರು, ಕೊಡಲು ಇರಲಿಲ್ಲ. ನವೆಂಬರ್ 11ಕ್ಕೆ ದಿವಾಳಿ ಅರ್ಜಿ. ಗ್ರಾಹಕರ ಸುಮಾರು 8 ಬಿಲಿಯನ್ ಡಾಲರ್ ಹಣ ಅವರಿಗೆ ಗೊತ್ತಿಲ್ಲದೆ ಅಲಮೇಡಾಗೆ ಹೋಗಿತ್ತು. ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್ ಫ್ರೈಡ್‌ಗೆ 2024ರ ಮಾರ್ಚ್‌ನಲ್ಲಿ 25 ವರ್ಷ ಜೈಲು ಆಯಿತು.

"ಮರೆತುಬಿಡಿ" ಎಂದವರಿಗೆ ನಾನು ಹೇಳುವುದು ಇದರ ಮುಂದಿನ ಭಾಗ. ದಿವಾಳಿ ಆಡಳಿತದವರು ಆಸ್ತಿ ಹುಡುಕಿ ಮಾರಿದರು. 2025ರ ಫೆಬ್ರವರಿಯಿಂದ ಹಣ ಕೊಡಲು ಶುರು ಮಾಡಿದರು. ಸಣ್ಣ ಗ್ರಾಹಕರಿಗೆ ಅವರ ಕ್ಲೇಮಿನ ಶೇ 118-119ರಷ್ಟು ಬಂತು. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಾಕಿದ್ದು ದಿವಾಳಿ ಅರ್ಜಿಯ ದಿನದ ಬೆಲೆಗೆ. ಆ ದಿನ ಒಂದು ಬಿಟ್‌ಕಾಯಿನ್‌ಗೆ 17 ಸಾವಿರ ಡಾಲರ್‌ಗೂ ಕಡಿಮೆ ಹಿಡಿದಿದ್ದರು. ದುಡ್ಡು ಕೈಗೆ ಬರುವ ಹೊತ್ತಿಗೆ ಮಾರುಕಟ್ಟೆ ಬೆಲೆ ಅದರ ಐದು ಪಟ್ಟಿಗಿಂತ ಜಾಸ್ತಿ ಆಗಿತ್ತು. ಬಿಟ್‌ಕಾಯಿನ್ ಇಟ್ಟವರಿಗೆ ಬಿಟ್‌ಕಾಯಿನ್ ಸಿಗಲಿಲ್ಲ. ಇನ್ನೂ ನೋವಿನ ಸಂಗತಿ ಎಂದರೆ, ಮೊದಲ ಕೆಲವು ತಿಂಗಳಲ್ಲಿ ಹೆದರಿ ಎಷ್ಟೋ ಜನ ತಮ್ಮ ಕ್ಲೇಮನ್ನು ಡಾಲರ್‌ಗೆ ಹತ್ತು ಹದಿನೈದು ಸೆಂಟಿಗೆ ಮಾರಿಬಿಟ್ಟಿದ್ದರು. ಹಾಗಾಗಿ ಮಾಣಿಗೆ ಹೇಳಿ, ಯಾರಾದರೂ "ನಿಮ್ಮ ಬಾಕಿ ನಾವು ಕೊಳ್ಳುತ್ತೇವೆ" ಎಂದರೆ ಅವಸರದಲ್ಲಿ ಸಹಿ ಹಾಕಬಾರದು.

ಎಲ್ಲ ಕಡೆ ಇಷ್ಟು ಬಂದಿಲ್ಲ ಎಂಬುದನ್ನೂ ಹೇಳಲೇಬೇಕು. ಕೆನಡಾದ ಕ್ವಾಡ್ರಿಗಾ ಎಕ್ಸ್‌ಚೇಂಜ್‌ನ ಮುಖ್ಯಸ್ಥ 2018ರ ಡಿಸೆಂಬರ್‌ನಲ್ಲಿ ನಮ್ಮ ಜೈಪುರದಲ್ಲೇ ತೀರಿಕೊಂಡ. ಕೀಲಿ ಅವನೊಬ್ಬನಿಗೇ ಗೊತ್ತಿತ್ತು ಎಂದರು. ತನಿಖೆ ಮಾಡಿದಾಗ ಗ್ರಾಹಕರ ದುಡ್ಡನ್ನು ಅವನು ಮೊದಲೇ ಕಳೆದಿದ್ದ ಎಂದು ಗೊತ್ತಾಯಿತು. ಅಲ್ಲಿಯ ಗ್ರಾಹಕರಿಗೆ ಬಂದದ್ದು ಶೇ 13ರಷ್ಟು. ಟೋಕಿಯೋದ ಎಕ್ಸ್‌ಚೇಂಜ್ ಮೌಂಟ್ ಗಾಕ್ಸ್ 2014ರ ಫೆಬ್ರವರಿಯಲ್ಲಿ ಬಿತ್ತು, ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿತ್ತು, 2 ಲಕ್ಷ ಆಮೇಲೆ ಸಿಕ್ಕಿತು. ಅದರ ಗ್ರಾಹಕರಿಗೆ ನಾಣ್ಯ ಹಿಂದಿರುಗಿಸಲು ಶುರುವಾದದ್ದು 2024ರ ಜುಲೈನಲ್ಲಿ. ಹತ್ತು ವರ್ಷ ಆಯಿತು. ಆದರೆ ಕಾಗದ ಇಟ್ಟುಕೊಂಡು ಕ್ಲೇಮ್ ಹಾಕಿದವರಿಗೆ ಸಿಗತೊಡಗಿತು.

ನಮ್ಮ ದೇಶದ ದೊಡ್ಡ ಪ್ರಕರಣ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನದ್ದು. 2024ರ ಜುಲೈ 18ರಂದು ಅದರ ಒಂದು ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್, ಅಂದರೆ ಎರಡು ಸಾವಿರ ಕೋಟಿ ರೂಪಾಯಿಯ ಹತ್ತಿರ, ಕಳವಾಯಿತು. ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಸೇರಿ ಇದು ಉತ್ತರ ಕೊರಿಯಾದವರ ಕೆಲಸ ಎಂದವು. ಗ್ರಾಹಕರು ಇಲ್ಲಿಯವರು, ಮರುಪಾವತಿಯ ಪ್ರಕರಣ ನಡೆದದ್ದು ಸಿಂಗಾಪುರದ ಕೋರ್ಟಿನಲ್ಲಿ. ಮರುಪಾವತಿ ಯೋಜನೆಗೆ ಗ್ರಾಹಕರು ಆನ್‌ಲೈನ್‌ನಲ್ಲಿ ಮತ ಹಾಕಬೇಕಾಯಿತು, ಅದೂ ಎರಡು ಸಲ. ವಹಿವಾಟು ಮತ್ತೆ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ಅದೇ ತಿಂಗಳು ಮದ್ರಾಸ್ ಹೈಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ಕ್ರಿಪ್ಟೋ ಕೂಡ ಆಸ್ತಿ, ಅದನ್ನು ಇನ್ನೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದು ಎಂದಿತು. ಕೇಸು ಹಾಕಿದ ಗ್ರಾಹಕಿಯ ಬಳಿ ಇದ್ದದ್ದು ಎಕ್ಸ್‌ಆರ್‌ಪಿ ಎಂಬ ನಾಣ್ಯ, ಕಳವಾದದ್ದು ಬೇರೆ ಜಾತಿಯ ಟೋಕನ್. ಎಲ್ಲರ ನಷ್ಟದಲ್ಲಿ ಅವರಿಗೂ ಪಾಲು ಹಾಕುವುದಕ್ಕೆ ಕೋರ್ಟ್ ಮಧ್ಯಂತರವಾಗಿ ತಡೆ ಕೊಟ್ಟಿತು. ಇದರಿಂದ ನಿಮಗೇನು ಉಪಯೋಗ? ಮಾಣಿಯ ಖಾತೆಯಲ್ಲಿ ಯಾವ ನಾಣ್ಯ ಎಷ್ಟು ಇತ್ತು ಎಂಬುದಕ್ಕೆ ಸಾಕ್ಷಿ ಇರಬೇಕು. ರೂಪಾಯಿ ಮೊತ್ತ ಒಂದೇ ಸಾಲದು.

ಆದ್ದರಿಂದ ಈ ವಾರವೇ ಕಾಗದ ಒಟ್ಟು ಮಾಡಿ. ಇದು ಎಲ್ಲಕ್ಕಿಂತ ದೊಡ್ಡ ಕೆಲಸ. ಆ್ಯಪ್ ಇನ್ನೂ ತೆರೆಯುತ್ತಿರುವಾಗಲೇ ಬ್ಯಾಲೆನ್ಸ್ ಪುಟ, ಕೊಂಡ-ಮಾರಿದ ಪಟ್ಟಿ, ಹಣ ಹಾಕಿದ ಪಟ್ಟಿ ಎಲ್ಲ ಡೌನ್‌ಲೋಡ್ ಮಾಡಿಸಿ. ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಕೂಡ ಬೇಕು. ಒಂದು ದಿನ ಆ್ಯಪ್ ತೆರೆಯದೇ ಹೋಗಬಹುದು. ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತೆಗೆಸಿ, ಪ್ರತಿ ವರ್ಗಾವಣೆಗೆ ಬ್ಯಾಂಕ್ ಕೊಡುವ ಯುಟಿಆರ್ ನಂಬರ್‌ಗೆ ಗುರುತು ಹಾಕಿ. ಮಾಣಿ ಯಾವಾಗಲಾದರೂ ಮಾರಿದ್ದರೆ ಅಥವಾ ಒಂದು ನಾಣ್ಯ ಕೊಟ್ಟು ಇನ್ನೊಂದು ತೆಗೆದುಕೊಂಡಿದ್ದರೆ, 2022ರ ಜುಲೈ 1ರಿಂದ ಅದಕ್ಕೆ ಶೇ 1 ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಇದೆ. ಎಕ್ಸ್‌ಚೇಂಜ್ ಅದನ್ನು ಕಟ್ಟಿದ್ದರೆ ಅವನ 26ಎಎಸ್‌ನಲ್ಲಿ, ಅಂದರೆ ಅವನ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ದಿನಾಂಕ ಸಮೇತ ಬಂದಿರುತ್ತದೆ. ಆದಾಯ ತೆರಿಗೆಯ ವೆಬ್‌ಸೈಟಿನಲ್ಲೇ ಸಿಗುವ ದಾಖಲೆ ಅದು, ಎಕ್ಸ್‌ಚೇಂಜ್‌ನವರು ಅಳಿಸಲು ಆಗುವುದಿಲ್ಲ. ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ಹಾಗೆಯೇ ಖಾತೆ ತೆರೆಯುವಾಗ ಒಪ್ಪಿದ ಷರತ್ತುಗಳ ಪ್ರತಿ ಇಟ್ಟುಕೊಳ್ಳಿ. ಬಡ್ಡಿ ಕೊಡುವ ಯಾವುದಾದರೂ ಯೋಜನೆಗೆ ಮಾಣಿ ನಾಣ್ಯ ಹಾಕಿದ್ದನೇ ಎಂದು ಕೇಳಿ. ಅಮೆರಿಕದ ಸೆಲ್ಸಿಯಸ್ ಎಂಬ ಕ್ರಿಪ್ಟೋ ಕಂಪನಿ ಮುಳುಗಿದಾಗ, ಬಡ್ಡಿಯ ಖಾತೆಯಲ್ಲಿ ಇಟ್ಟ ನಾಣ್ಯ ಕಂಪನಿಗೇ ಸೇರಿದ್ದು ಎಂದು 2023ರ ಜನವರಿಯಲ್ಲಿ ಕೋರ್ಟ್ ತೀರ್ಪು ಕೊಟ್ಟಿತು. ಗ್ರಾಹಕರು ಓದದೇ ಒಪ್ಪಿದ್ದ ಷರತ್ತಿನಲ್ಲಿ ಹಾಗೆ ಬರೆದಿತ್ತು. ಸುಮಾರು 6 ಲಕ್ಷ ಖಾತೆಗಳವರು ಒಂದೇ ದಿನದಲ್ಲಿ ಭದ್ರತೆ ಇಲ್ಲದೆ ಸಾಲ ಕೊಟ್ಟವರ ಸಾಲಿಗೆ, ಅಂದರೆ ಬಾಕಿ ಬರಬೇಕಾದವರ ಕೊನೆಯ ಸಾಲಿಗೆ, ಬಿದ್ದರು.

ಮೇಲ್ ನೋಡುವುದನ್ನು ಬಿಡಬಾರದು. ಸ್ಪ್ಯಾಮ್ ಫೋಲ್ಡರ್ ಕೂಡ. ಕ್ಲೇಮ್ ಹಾಕಲು ಕೊನೆಯ ದಿನ, ಕೆವೈಸಿಗೆ ಕೊನೆಯ ದಿನ, ಮತ ಹಾಕುವ ದಿನ ಎಲ್ಲ ಮೇಲ್‌ನಲ್ಲೇ ಬರುತ್ತವೆ. ಎಫ್‌ಟಿಎಕ್ಸ್‌ನಲ್ಲಿ ಕೆವೈಸಿ ಶುರುವನ್ನೇ ಮಾಡದ ಲಕ್ಷಾಂತರ ಕ್ಲೇಮ್‌ಗಳನ್ನು ತಳ್ಳಿಹಾಕಿದರು. ಆದರೆ ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ. ವಿಳಾಸವನ್ನು ತಾವೇ ಟೈಪ್ ಮಾಡಿ ಒಳಗೆ ಹೋಗಬೇಕು. ಜೊತೆಗೆ ಎಕ್ಸ್‌ಚೇಂಜ್‌ಗೆ ಬರವಣಿಗೆಯಲ್ಲಿ ದೂರು ಕೊಟ್ಟು ಅದರ ನಂಬರ್ ಇಟ್ಟುಕೊಳ್ಳಿ. ಗ್ರಾಹಕರ ಆಯೋಗಕ್ಕೆ ಹೋಗುವುದಾದರೂ ವಕೀಲರು ಮೊದಲು ಕೇಳುವುದು ಅದನ್ನೇ.

ತೆರಿಗೆಯ ಬಗ್ಗೆ ಸಂಕ್ಷೇಪವಾಗಿ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ. ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯಲು ಬಿಡುವುದಿಲ್ಲ, ಮುಂದಿನ ವರ್ಷಕ್ಕೆ ಒಯ್ಯಲೂ ಬಿಡುವುದಿಲ್ಲ. ಇದು ಸಣ್ಣವರಿಗೆ ಅನ್ಯಾಯ ಎಂದೇ ನನ್ನ ಅಭಿಪ್ರಾಯ, ಆದರೆ ಕಾನೂನು ಹಾಗಿದೆ.

"ಎಫ್‌ಐಯುನಲ್ಲಿ ನೋಂದಣಿ ಇತ್ತಲ್ಲ, ಸರ್ಕಾರ ನೋಡಿಕೊಳ್ಳುವುದಿಲ್ಲವಾ" ಎಂದು ಒಬ್ಬರು ಕೇಳಿದ್ದಾರೆ. ಎಫ್‌ಐಯು ಎಂದರೆ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳನ್ನು ಕಪ್ಪುಹಣ ತಡೆ ಕಾನೂನಿನ ಒಳಗೆ ತಂದಿದ್ದಾರೆ. ನೋಂದಣಿ ಅದಕ್ಕಾಗಿ. ನಿಮ್ಮ ದುಡ್ಡಿಗೆ ಅದರಿಂದ ಯಾವ ಖಾತ್ರಿಯೂ ಇಲ್ಲ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಇಲ್ಲಿ ಅದು ಇಲ್ಲ. "ಸೊಸೈಟಿಯಲ್ಲೇ ಇಟ್ಟಿದ್ದರೆ ಆಗುತ್ತಿತ್ತು" ಎಂದವರಿಗೂ ಒಂದು ಮಾತು. ಆ ವಿಮೆ ಸಹಕಾರಿ ಬ್ಯಾಂಕುಗಳಿಗೆ ಇದೆ. ಊರಿನ ಪ್ರಾಥಮಿಕ ಸಹಕಾರಿ ಸಂಘದ ಠೇವಣಿಗೆ, ಬ್ಯಾಂಕ್ ಅಲ್ಲದ ಸೌಹಾರ್ದ ಸಹಕಾರಿಯ ಠೇವಣಿಗೆ ಇಲ್ಲ. ನಮ್ಮ ಸಂಘಗಳ ಮೇಲೆ ನನಗೆ ಗೌರವ ಇದೆ. ಆದರೂ ಸದಸ್ಯರು ವಾರ್ಷಿಕ ಸಭೆಗೆ ಹೋಗಿ ಆಡಿಟ್ ವರದಿ ಓದಬೇಕು, ಪ್ರಶ್ನೆ ಕೇಳಬೇಕು. ಇಡೀ ವರ್ಷದ ದುಡ್ಡನ್ನು ಒಂದೇ ಕಡೆ ಇಡಬಾರದು.

ಹೆಗಡೆಯವರೇ, ಈಗ ಮನೆಯ ಮಾತು. ನೀವು ಬರೆದ ಕೊನೆಯ ಸಾಲು ನನಗೆ ತುಂಬಾ ನೋವು ಕೊಟ್ಟಿತು. ತಮ್ಮನ ಹತ್ತಿರ ಮಾತು ಬಿಟ್ಟಿದ್ದೀರಿ, ಮಾಣಿ ಊರಿಗೆ ಬರುವುದನ್ನೇ ನಿಲ್ಲಿಸಿದ್ದಾನೆ ಎಂದಿದ್ದೀರಿ. ದಯವಿಟ್ಟು ಮೊದಲು ಅವನಿಗೆ ಫೋನ್ ಮಾಡಿ. ಅವನು ಕದ್ದಿಲ್ಲ, ಅವನ ದುಡ್ಡೂ ಅದರಲ್ಲೇ ಸಿಕ್ಕಿದೆ. ಬೈಗುಳಕ್ಕೆ ಹೆದರಿ ಅವನು ಆ ಮೇಲ್ ತೆರೆಯುವುದನ್ನೇ ಬಿಟ್ಟರೆ ಎರಡೂ ಮನೆಗೆ ನಷ್ಟ. ಕಾನೂನಿನ ಲೆಕ್ಕದಲ್ಲಿ ಖಾತೆ ಅವನದು, ಕ್ಲೇಮ್ ಹಾಕಬೇಕಾದವನೂ ಅವನೇ. ಎಕ್ಸ್‌ಚೇಂಜ್‌ನವರನ್ನು ನೀವು ನೇರವಾಗಿ ಏನೂ ಕೇಳುವ ಹಾಗಿಲ್ಲ. ಆದ್ದರಿಂದ ಯಾರು ಎಷ್ಟು ಕೊಟ್ಟಿದ್ದೀರಿ, ಏನಾದರೂ ವಾಪಸ್ ಬಂದರೆ ಯಾವ ಪ್ರಮಾಣದಲ್ಲಿ ಹಂಚಿಕೊಳ್ಳುತ್ತೀರಿ ಎಂದು ಒಂದು ಕಾಗದದಲ್ಲಿ ಬರೆದು ಮೂವರೂ ಸಹಿ ಹಾಕಿ. ಅಣ್ಣತಮ್ಮಂದಿರ ನಡುವೆ ಕಾಗದ ಯಾಕೆ ಎಂದು ಅನಿಸಬಹುದು. ಹತ್ತು ವರ್ಷದ ನಂತರ ದುಡ್ಡು ಬಂದಾಗ ಯಾರ ನೆನಪೂ ಒಂದೇ ತರಹ ಇರುವುದಿಲ್ಲ.

ಈ ವರ್ಷದ ಖರ್ಚಿಗೆ ಆ ದುಡ್ಡನ್ನು ಲೆಕ್ಕ ಹಿಡಿಯಬೇಡಿ. ಬೆಳೆಸಾಲದ ಕಂತು ಮಾತ್ರ ಅವಧಿ ಮೀರಲು ಬಿಡಬೇಡಿ. ಮೀರಿದರೆ ಬಡ್ಡಿ ಇಲ್ಲದ ಸಾಲಕ್ಕೂ ಬಡ್ಡಿ ಬೀಳುತ್ತದೆ. ಮನೆಯಲ್ಲಿ ಉಳಿಸಿಟ್ಟ ಚಾಲಿ ಇದ್ದರೆ ದರ ಏರಲಿ ಎಂದು ಕಾಯದೆ, ಕಂತಿಗೆ ಬೇಕಾದಷ್ಟು ಮಾರಿ. ಕಳೆದದ್ದನ್ನು ಬೇಗ ತುಂಬಬೇಕು ಎಂದು ಮಾಣಿ ಇನ್ನೊಂದು ಕಡೆ ದುಡ್ಡು ಹಾಕಲು ಹೊರಟರೆ ತಡೆಯಿರಿ. ಬೇರೆ ಎಕ್ಸ್‌ಚೇಂಜ್‌ನಲ್ಲಿ ಅವನದು ಏನಾದರೂ ಉಳಿದಿದ್ದರೆ ಮಾರಿ ಬ್ಯಾಂಕಿಗೆ ತರುವುದು ಒಳ್ಳೆಯದು. ಕೀಲಿಯನ್ನು ತಾನೇ ಇಟ್ಟುಕೊಳ್ಳುವ ವಾಲೆಟ್ ಕೂಡ ಇದೆ. ಆದರೆ ಅದನ್ನು ಮತ್ತೆ ತೆರೆಯಲು ಬೇಕಾದ ಹನ್ನೆರಡು ಅಥವಾ ಇಪ್ಪತ್ನಾಲ್ಕು ಗುಟ್ಟಿನ ಪದ ಕಳೆದುಹೋದರೆ ತೆರೆದುಕೊಡುವವರು ಯಾರೂ ಇಲ್ಲ. ಅದನ್ನು ಕಲಿತವರಿಗೆ ಬಿಡಿ.

ಮುಂದಿನ ವಾರ ಶಿರಸಿ ಪೇಟೆಗೆ ಬರುವುದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದುಕೊಂಡು ಬನ್ನಿ, ಕೂತು ನೋಡೋಣ. ಫೀ ಏನೂ ಬೇಡ. ಮಾಣಿಯನ್ನೂ ಕರೆದುಕೊಂಡು ಬನ್ನಿ, 26ಎಎಸ್ ತೆಗೆಯಲು ಅವನ ಲಾಗಿನ್ ಬೇಕು. ಖಾಸಗಿ ಸಂದೇಶದಲ್ಲಿ ನನ್ನ ನಂಬರ್ ಕಳಿಸಿದ್ದೇನೆ.